ಸಂಧಿವಾತ: ಔಷಧ ಬಂದಿದೆ, ವಿವರಿಸುವವರು ಎಲ್ಲಿ?

ಪ್ರತಿ ವರ್ಷ ಮೇ 12ರಂದು ಅಂತರರಾಷ್ಟ್ರೀಯ ದಾದಿಯರ ದಿನವನ್ನೂ ಅಕ್ಟೋಬರ್ 12ರಂದು ವಿಶ್ವ ಸಂಧಿವಾತ ದಿನವನ್ನೂ ಆಚರಿಸಲಾಗುತ್ತದೆ. ಮೊದಲನೆಯ ದಿನ ಆಸ್ಪತ್ರೆಗಳಲ್ಲಿ ದೀಪ ಬೆಳಗಿಸಿ ನಮಗೆ ಹೂಗುಚ್ಛ ನೀಡುತ್ತಾರೆ. ಎರಡನೆಯ ದಿನ ತಜ್ಞ ವೈದ್ಯರ ಉಪನ್ಯಾಸಗಳಿರುತ್ತವೆ, ಹೊಸ ಔಷಧಗಳ ಪರಿಚಯವಿರುತ್ತದೆ. ಈ ಎರಡು ದಿನಾಚರಣೆಗಳ ನಡುವೆ ಇರಬೇಕಾದ ಸಂಬಂಧದ ಬಗ್ಗೆ ಮಾತ್ರ ನಮ್ಮ ದೇಶದಲ್ಲಿ ಚರ್ಚೆ ನಡೆಯುವುದು ಅಪರೂಪ. ಮಹಾನಗರಗಳ ಆಸ್ಪತ್ರೆಗಳಲ್ಲಿ ಸಂಧಿವಾತ ರೋಗಿಗಳನ್ನು ನೋಡಿಕೊಳ್ಳುವ ದಾದಿಯರಾದ ನಮಗೆ ಆ ಸಂಬಂಧವೇ ದಿನನಿತ್ಯದ ಪ್ರಶ್ನೆ.

ಕಳೆದ ಮೂರು ದಶಕಗಳಲ್ಲಿ ಸಂಧಿವಾತದ ಚಿಕಿತ್ಸೆ ಆಮೂಲಾಗ್ರವಾಗಿ ಬದಲಾಗಿದೆ. ಒಂದು ಕಾಲದಲ್ಲಿ ಹಾಸಿಗೆ ಹಿಡಿಯುವುದು, ಬೆರಳುಗಳು ಸೊಟ್ಟಗಾಗುವುದು ವಿಧಿಲಿಖಿತವೆಂದು ನಂಬಲಾಗಿದ್ದ ಕಾಯಿಲೆಯನ್ನು ಇಂದು ಹತೋಟಿಯಲ್ಲಿಡಬಹುದು. ಅದಕ್ಕೆ ಬೇಕಾದ ಪ್ರಮುಖ ಔಷಧಗಳು ನಮ್ಮ ದೇಶದಲ್ಲಿಯೇ ತಯಾರಾಗುತ್ತಿವೆ. ಆದರೂ ತಡವಾಗಿ ಬರುವವರು, ನಡುವೆಯೇ ಔಷಧ ಬಿಟ್ಟವರು, ತಪ್ಪಾಗಿ ನುಂಗಿದವರು ನಮ್ಮ ಮುಂದೆ ಬಂದು ಕುಳಿತುಕೊಳ್ಳುವುದು ನಿಂತಿಲ್ಲ. ವೈದ್ಯರ ಕೊಠಡಿಯಲ್ಲಿ ಕಳೆಯುವ ಹತ್ತು ನಿಮಿಷಗಳಿಗಿಂತ, ಒಂದು ಭೇಟಿಯಿಂದ ಮತ್ತೊಂದು ಭೇಟಿಯವರೆಗಿನ ಮೂರು ತಿಂಗಳಲ್ಲಿ ಮನೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಈ ರೋಗಿಗಳ ಭವಿಷ್ಯ ನಿಂತಿದೆ. ಆ ಮೂರು ತಿಂಗಳ ಹೊಣೆಯನ್ನು ನಮ್ಮ ಆರೋಗ್ಯ ವ್ಯವಸ್ಥೆ ಯಾರಿಗೂ ವಹಿಸಿಲ್ಲ ಎಂಬುದೇ ಈ ಲೇಖನದ ಕಾಳಜಿ.

ಕಾಯಿಲೆ ಯಾವುದು, ಎಷ್ಟು ಮಂದಿಗೆ?

ಸಂಧಿವಾತವೆಂದೊಡನೆ ಜನರಿಗೆ ನೆನಪಾಗುವುದು ವಯಸ್ಸಾದವರ ಮಂಡಿ ನೋವು. ವಯಸ್ಸಿನೊಂದಿಗೆ ಬರುವ ಮಂಡಿ ಸವೆತವೇ ಬೇರೆ, ನಾವಿಲ್ಲಿ ಹೇಳಹೊರಟಿರುವ ರುಮಟಾಯ್ಡ್ ಆರ್ಥ್ರೈಟಿಸ್ ಬೇರೆ. ಇದರಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ದಾಳಿ ನಡೆಸುತ್ತದೆ. ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಸಂದುಗಳು ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಬಿಗಿತವಿರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮೂವತ್ತರಿಂದ ಐವತ್ತರ ನಡುವಿನ ವಯಸ್ಸಿನಲ್ಲಿ, ಅಂದರೆ ಸಂಸಾರದ ಭಾರವೆಲ್ಲ ಹೆಗಲ ಮೇಲಿರುವಾಗಲೇ ಬಹಳಷ್ಟು ಮಂದಿಗೆ ಇದು ಆರಂಭವಾಗುತ್ತದೆ. ಲೂಪಸ್, ಯುವಕರ ಬೆನ್ನುಮೂಳೆಯ ಕೀಲುಗಳನ್ನು ಬಿಗಿಯುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಸೋರಿಯಾಸಿಸ್ ಜೊತೆಗೂಡಿ ಬರುವ ಸಂಧಿವಾತ ಮೊದಲಾದವು ಇದೇ ಬಳಗದ ಕಾಯಿಲೆಗಳು.

ಇದು ಅಪರೂಪದ ಕಾಯಿಲೆಯಲ್ಲ. ದೆಹಲಿಯ ಸಮೀಪದ ಗ್ರಾಮಗಳಲ್ಲಿ ಡಾ. ಎ. ಎನ್. ಮಾಳವೀಯ ಮತ್ತು ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ, ವಯಸ್ಕರಲ್ಲಿ ಶೇಕಡಾ 0.75ರಷ್ಟು ಮಂದಿಗೆ ಈ ಕಾಯಿಲೆ ಇದೆಯೆಂದು ಕಂಡುಕೊಂಡಿತು. ಪುಣೆ ಜಿಲ್ಲೆಯ ಭಿಗವಣದಲ್ಲಿ 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ನೇತೃತ್ವದಲ್ಲಿ ಆರಂಭವಾದ ಮನೆಮನೆ ಸಮೀಕ್ಷೆಯಲ್ಲಿ ಈ ಪ್ರಮಾಣ ಸುಮಾರು ಶೇಕಡಾ 0.5ರಷ್ಟಿತ್ತು. ಕಡಿಮೆ ಪ್ರಮಾಣವನ್ನೇ ಹಿಡಿದು ಇಂದಿನ ಜನಸಂಖ್ಯೆಗೆ ಲೆಕ್ಕ ಹಾಕಿದರೂ ನಲವತ್ತು ಲಕ್ಷಕ್ಕೂ ಮೀರಿದ ರೋಗಿಗಳು ನಮ್ಮ ದೇಶದಲ್ಲಿದ್ದಾರೆ ಎಂದಾಗುತ್ತದೆ. ಇವರಿಗೆ ಚಿಕಿತ್ಸೆ ನೀಡಬಲ್ಲ ರುಮಟಾಲಜಿ ತಜ್ಞರಾದರೋ ಬಹುಪಾಲು ಮಹಾನಗರಗಳಲ್ಲಿಯೇ ನೆಲೆಸಿದ್ದಾರೆ.

ಮೊದಲ ನಷ್ಟ ಆಗುವುದು ಕಾಲದ ರೂಪದಲ್ಲಿ. ಕಾಯಿಲೆ ಆರಂಭವಾದ ಮೊದಲ ಮೂರರಿಂದ ಆರು ತಿಂಗಳುಗಳೊಳಗೆ ಸರಿಯಾದ ಔಷಧ ಪ್ರಾರಂಭವಾದರೆ ಕೀಲುಗಳನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ನಮ್ಮ ಬಳಿ ಬರುವವರಲ್ಲಿ ಅನೇಕರು ಅಷ್ಟರಲ್ಲಾಗಲೇ ನೋವಿನ ಮಾತ್ರೆ, ಎಣ್ಣೆ, ಹೆಸರಿಲ್ಲದ ಪುಡಿ, ಊರಿನ ಪರಿಚಿತರ ಸಲಹೆ ಎಂದು ವರ್ಷ ಕಳೆದಿರುತ್ತಾರೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ನೋವು ಮಾಯವಾದಂತೆ ಕಂಡರೂ ಮುಖ ಊದಿಕೊಂಡು, ಸಕ್ಕರೆ ಏರಿ, ಮೂಳೆ ಸವೆದು, ಒಳಗೆ ಕೀಲು ಮಾತ್ರ ಹಾಳಾಗುತ್ತಲೇ ಇರುತ್ತದೆ. ಅಂಥ ಪುಡಿಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ.

ಚಿಕುನ್‌ಗುನ್ಯಾ ಈ ಗೊಂದಲಕ್ಕೆ ಮತ್ತೊಂದು ಎಳೆ ಸೇರಿಸಿದೆ. 2006ರಲ್ಲಿ ಕರ್ನಾಟಕ ಆ ಜ್ವರದಿಂದ ತತ್ತರಿಸಿದ್ದನ್ನು ಊರಿನ ನಂಟು ಉಳಿಸಿಕೊಂಡ ಎಲ್ಲ ಕುಟುಂಬಗಳೂ ಬಲ್ಲವು. 2024ರಲ್ಲಿ ಪುಣೆಯಲ್ಲಿಯೂ ಅದು ವ್ಯಾಪಕವಾಗಿ ಕಾಣಿಸಿಕೊಂಡಿತು. ಜ್ವರ ಇಳಿದ ಮೇಲೂ ಕೆಲವರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ. 'ಚಿಕುನ್‌ಗುನ್ಯಾ ನೋವು, ತಾನಾಗಿ ಹೋಗುತ್ತದೆ' ಎಂದು ಕಾಯುತ್ತಾ ಕುಳಿತವರಲ್ಲಿ ನಿಜವಾದ ರುಮಟಾಯ್ಡ್ ಕಾಯಿಲೆ ಅಡಗಿದ್ದ ನಿದರ್ಶನಗಳನ್ನು ನಾವು ನೋಡಿದ್ದೇವೆ. ಮೂರು ತಿಂಗಳು ಮೀರಿದ ಊತ ಮತ್ತು ಬಿಗಿತವನ್ನು ತಜ್ಞರಿಗೆ ತೋರಿಸಲೇಬೇಕು.

ಹೇಳದೆ ಉಳಿಯುವ ಮಾತುಗಳು

ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಒಬ್ಬ ರೋಗಿಗಾಗಿ ದೊರೆಯುವ ಸಮಯ ಅತ್ಯಲ್ಪ. ಅವರು ಕೀಲುಗಳನ್ನು ಒತ್ತಿ ನೋಡಬೇಕು, ರಕ್ತಪರೀಕ್ಷೆಯ ವರದಿ ಓದಬೇಕು, ಔಷಧದ ಪ್ರಮಾಣ ನಿರ್ಧರಿಸಬೇಕು. ಹೊರಗೆ ಇನ್ನೂ ನಲವತ್ತು ಮಂದಿ ಕಾದಿರುತ್ತಾರೆ. ಇದರಲ್ಲಿ ವೈದ್ಯರನ್ನು ದೂಷಿಸುವಂಥದ್ದೇನೂ ಇಲ್ಲ. ಆದರೆ 'ಹೇಗಿದ್ದೀರಿ?' ಎಂದು ಕೇಳಿದರೆ ನಮ್ಮ ಹೆಂಗಸರು 'ಪರವಾಗಿಲ್ಲ' ಎಂದೇ ಉತ್ತರಿಸುತ್ತಾರೆ. ಪಕ್ಕದಲ್ಲಿ ಪತಿಯೋ ಅತ್ತೆಯೋ ಕುಳಿತಿದ್ದರಂತೂ ಬೇರೆ ಉತ್ತರ ನಿರೀಕ್ಷಿಸುವಂತಿಲ್ಲ.

ನಾವು ಕೇಳುವ ಪ್ರಶ್ನೆಗಳು ಬೇರೆ ತೆರನಾದವು. ಬೆಳಿಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟಲು ಎಷ್ಟು ಹೊತ್ತು ಬೇಕು? ಕುಕ್ಕರಿನ ಮುಚ್ಚಳ ಯಾರು ತೆಗೆಯುತ್ತಾರೆ? ಒದ್ದೆ ಬಟ್ಟೆ ಹಿಂಡಲಾಗುತ್ತದೆಯೇ? ರೊಟ್ಟಿ ಬಡಿಯುವುದು, ಕಾಯಿ ತುರಿಯುವುದು ಯಾವಾಗಿನಿಂದ ನಿಂತಿತು? ಲೋಕಲ್ ರೈಲಿನಲ್ಲಿ ಹಿಡಿ ಹಿಡಿದು ನಿಲ್ಲಬಲ್ಲಿರಾ? ನೆಲಮಟ್ಟದ ಶೌಚಾಲಯದಲ್ಲಿ ಕುಳಿತರೆ ಏಳಬಲ್ಲಿರಾ? ಇಂಥ ಪ್ರಶ್ನೆಗಳಿಗೆ 'ಪರವಾಗಿಲ್ಲ' ಎಂಬ ಉತ್ತರ ಒದಗುವುದಿಲ್ಲ. ಆರು ತಿಂಗಳಿಂದ ಮಗಳೇ ತಲೆ ಬಾಚಿಕೊಡುತ್ತಿದ್ದಾಳೆ ಎಂಬ ಮಾತು ಆಗ ಹೊರಬರುತ್ತದೆ. ವರದಿಯಲ್ಲಿ ಕಾಯಿಲೆ ಹತೋಟಿಯಲ್ಲಿದೆಯೆಂದು ಬರೆದಿದ್ದರೂ ಬದುಕು ಹತೋಟಿಯಲ್ಲಿಲ್ಲ ಎಂಬುದು ಗೊತ್ತಾಗುವುದು ಆಗಲೇ.

ಭಾಷೆಯ ತೊಡಕು ಬೇರೆ. ಮುಂಬಯಿ, ಪುಣೆಗಳಲ್ಲಿ ಮಕ್ಕಳ ಮನೆಗೆ ಬಂದು ನೆಲೆಸಿರುವ ಎಷ್ಟೋ ಹಿರಿಯರಿಗೆ ಕನ್ನಡ ಅಥವಾ ತುಳು ಹೊರತು ಬೇರೆ ಭಾಷೆ ಬಾರದು. ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ನೀಡಿದ ಸೂಚನೆಯನ್ನು ಮಗ ಕೇಳಿಸಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಮಾತ್ರೆ ನುಂಗಬೇಕಾದ ತಾಯಿ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿಯೂ ಸ್ಥಿತಿ ಇದೇ. ನಮ್ಮಲ್ಲಿ ಕನ್ನಡ ಬಲ್ಲವರು ಆ ಸರದಿಯಲ್ಲಿದ್ದರೆ ರೋಗಿಯ ಅದೃಷ್ಟ, ಇಲ್ಲದಿದ್ದರೆ ಇಲ್ಲ. ಔಷಧದ ಸುರಕ್ಷತೆಯನ್ನು ಹೀಗೆ ಅದೃಷ್ಟಕ್ಕೆ ಬಿಡುವುದು ಎಷ್ಟು ಸರಿ?

ವಾರಕ್ಕೊಮ್ಮೆಯ ಮಾತ್ರೆ

ಈ ಪ್ರಶ್ನೆಯ ಗಾಂಭೀರ್ಯ ತಿಳಿಯಬೇಕಾದರೆ ಮೆಥೊಟ್ರೆಕ್ಸೇಟ್ ಎಂಬ ಒಂದೇ ಔಷಧವನ್ನು ನೋಡಿದರೆ ಸಾಕು. ರುಮಟಾಯ್ಡ್ ಕಾಯಿಲೆಯ ಚಿಕಿತ್ಸೆಯಲ್ಲಿ ಇದು ಆಧಾರಸ್ತಂಭ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆ ಇದನ್ನು ಮಾನ್ಯ ಮಾಡಿದ್ದು 1988ರಲ್ಲಿ. ನಮ್ಮ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಇದು ಸೇರಿದೆ. ಒಂದು ವಾರದ ಮಾತ್ರೆಯ ಖರ್ಚು ಮಹಾನಗರದ ಹೋಟೆಲಿನ ಒಂದು ಮಸಾಲೆ ದೋಸೆಯ ಬೆಲೆಯನ್ನು ಮುಟ್ಟುವುದಿಲ್ಲ. ಇಷ್ಟು ಉಪಕಾರಿಯಾದ ಔಷಧಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ಪ್ರತಿದಿನ ನುಂಗಿದರೆ ಅದೇ ಔಷಧ ಪ್ರಾಣಕ್ಕೆ ಎರವಾಗಬಹುದು.

ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಮಾತ್ರೆಗಳನ್ನು ದಿನವೂ ನುಂಗಿ ಅಭ್ಯಾಸವಾದ ಮನೆಗಳಲ್ಲಿ ವಾರಕ್ಕೊಮ್ಮೆಯ ಮಾತ್ರೆ ಎಂಬ ಕಲ್ಪನೆಯೇ ಹೊಸದು. ತಪ್ಪು ಆಗುವ ಬಗೆಗಳನ್ನು ನಾವು ಚೆನ್ನಾಗಿ ಬಲ್ಲೆವು. 2.5 ಮಿಲಿಗ್ರಾಮಿನ ಆರು ಮಾತ್ರೆಗಳನ್ನು ವಾರಕ್ಕೆ ಎಂದು ಹೇಳಿದರೆ, ದಿನಕ್ಕೊಂದರಂತೆ ಆರು ದಿನ ಹಂಚಿಕೊಂಡವರಿದ್ದಾರೆ. ಒಂದೇ ಕಂಪನಿಯ 2.5 ಮತ್ತು 10 ಮಿಲಿಗ್ರಾಮಿನ ಪಟ್ಟಿಗಳು ಅದಲುಬದಲಾಗಿ ನಾಲ್ಕು ಪಟ್ಟು ಪ್ರಮಾಣ ಹೊಟ್ಟೆ ಸೇರಿದ್ದುಂಟು. ಮೆಥೊಟ್ರೆಕ್ಸೇಟ್ ಇಲ್ಲದ ದಿನಗಳಲ್ಲಿ ತೆಗೆದುಕೊಳ್ಳಬೇಕಾದ ಫೋಲಿಕ್ ಆಮ್ಲದ ಹಳದಿ ಮಾತ್ರೆಯ ಜಾಗದಲ್ಲಿ, ಹಳದಿ ಬಣ್ಣದ್ದೇ ಆದ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿದವರಿದ್ದಾರೆ. ನೋವು ಹೆಚ್ಚಾದ ದಿನ ತಾವಾಗಿಯೇ ಒಂದು ಹೆಚ್ಚಿಗೆ ತೆಗೆದುಕೊಂಡವರೂ ಇದ್ದಾರೆ.

ಹೀಗಾದಾಗ ಮೊದಲು ಬಾಯಿಯಲ್ಲಿ ಹುಣ್ಣಾಗುತ್ತದೆ, ಊಟ ಸೇರುವುದಿಲ್ಲ, ಜ್ವರ ಬರುತ್ತದೆ. ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಸಿಯುತ್ತದೆ. ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಲ್ಲಿ ಅಪಾಯ ಇನ್ನೂ ಹೆಚ್ಚು. ಇಂಥ ರೋಗಿಗಳನ್ನು ಪ್ರತ್ಯೇಕ ಕೊಠಡಿಯಲ್ಲಿರಿಸಿ, ಫೋಲಿನಿಕ್ ಆಮ್ಲದ ಚುಚ್ಚುಮದ್ದು ಕೊಟ್ಟು, ಗುಟುಕು ನೀರು ಕುಡಿಸಲೂ ಪರದಾಡಿದ ರಾತ್ರಿಗಳು ನಮ್ಮಲ್ಲಿ ಅನೇಕರ ನೆನಪಿನಲ್ಲಿವೆ. ಕೆಲವರು ಚೇತರಿಸಿಕೊಂಡು ಮನೆಗೆ ಮರಳಿದರು, ಎಲ್ಲರೂ ಅಲ್ಲ. ಚೀಟಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು, ಅಂಗಡಿಯವರು ಕೊಟ್ಟದ್ದೂ ಸರಿಯಾದ ಮಾತ್ರೆಯೇ. ಕುಳ್ಳಿರಿಸಿಕೊಂಡು ವಿವರಿಸಿ, 'ಈಗ ನೀವು ಹೇಳಿ, ಯಾವ ವಾರ, ಎಷ್ಟು ಮಾತ್ರೆ?' ಎಂದು ಕೇಳಿ ಖಚಿತಪಡಿಸಿಕೊಳ್ಳುವವರು ಮಾತ್ರ ಇರಲಿಲ್ಲ.

ಇದು ಭಾರತಕ್ಕೆ ಸೀಮಿತವಾದ ಸಮಸ್ಯೆಯಲ್ಲ. ದಿನವೂ ನುಂಗಿ ಸಾವು ಸಂಭವಿಸಿದ ಪ್ರಕರಣಗಳನ್ನು ಪರಿಶೀಲಿಸಿದ ಐರೋಪ್ಯ ಔಷಧ ಸಂಸ್ಥೆ 2019ರಲ್ಲಿ ಹೊಸ ಎಚ್ಚರಿಕೆಯ ಕ್ರಮಗಳನ್ನು ಸೂಚಿಸಿತು. ಪೊಟ್ಟಣದ ಮೇಲೆ ಎದ್ದು ಕಾಣುವ ಎಚ್ಚರಿಕೆ, ರೋಗಿಗೆ ನೆನಪಿನ ಕಾರ್ಡ್, ಬಾಟಲಿಯ ಬದಲು ಪಟ್ಟಿಯಲ್ಲಿ ಮಾತ್ರೆ ಮೊದಲಾದವು ಅದರಲ್ಲಿದ್ದವು. ನಮ್ಮಲ್ಲಿಯೂ ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದಷ್ಟೇ ಬರೆಯದೆ 'ಭಾನುವಾರ ಮಾತ್ರ' ಎಂದು ವಾರದ ಹೆಸರನ್ನು ಪೂರ್ಣಾಕ್ಷರಗಳಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಟ್ಟರೆ ಅರ್ಧ ಅಪಾಯ ತಪ್ಪುತ್ತದೆ. ದಿನವನ್ನು ಆರಿಸುವಾಗಲೂ ರೋಗಿಯನ್ನು ಕೇಳಬೇಕು. ಸೋಮವಾರ ಉಪವಾಸ ಮಾಡುವವರಿಗೆ ಸೋಮವಾರದ ಮಾತ್ರೆ ಬರೆದರೆ ಅದು ಹೊಟ್ಟೆ ಸೇರುವ ಖಾತ್ರಿಯಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತೊಂದರೆ ಹೆದರಿಕೆಯದು. ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿಯೂ ಬಳಕೆಯಲ್ಲಿದೆ. ಮಗನೋ ಅಳಿಯನೋ ಮೊಬೈಲಿನಲ್ಲಿ ಹುಡುಕಿ ಅದನ್ನು ಓದಿದೊಡನೆ ಮನೆಮಂದಿಯೆಲ್ಲ ಗಾಬರಿಗೊಂಡು ಔಷಧ ನಿಲ್ಲಿಸುತ್ತಾರೆ. ಸಂಧಿವಾತಕ್ಕೆ ಕೊಡುವ ವಾರದ ಪ್ರಮಾಣ ಕ್ಯಾನ್ಸರಿಗೆ ಕೊಡುವ ಪ್ರಮಾಣಕ್ಕಿಂತ ಬಹಳ ಕಡಿಮೆ, ನಿಗದಿತ ಕಾಲಕ್ಕೆ ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿದರೆ ಅದನ್ನು ವರ್ಷಾನುಗಟ್ಟಲೆ ಸುರಕ್ಷಿತವಾಗಿ ಬಳಸಬಹುದು ಎಂದು ತಿಳಿಸಲು ಹತ್ತು ನಿಮಿಷ ಸಾಕು. ಗರ್ಭಿಣಿಯರಿಗೆ ಇದು ಸಲ್ಲದು. ಆದ್ದರಿಂದ ಮದುವೆಯಾದ ಹೊಸತಿನಲ್ಲಿರುವ ಹೆಣ್ಣುಮಕ್ಕಳೊಡನೆ ಮಗುವಿನ ಯೋಚನೆಯ ಬಗ್ಗೆ ಮುಂಚಿತವಾಗಿಯೇ ಮಾತನಾಡಬೇಕು. ಎಲ್ಲರೆದುರು ಕೇಳಲಾಗದ ಆ ಮಾತು ಸಾಮಾನ್ಯವಾಗಿ ನಮ್ಮ ಪಾಲಿಗೇ ಬರುತ್ತದೆ.

ಹೊಸ ಔಷಧ, ಹೊಸ ಹೊಣೆ

ಬಯೊಲಾಜಿಕ್ಸ್ ಎಂಬ ದುಬಾರಿ ಚುಚ್ಚುಮದ್ದುಗಳು ಒಂದು ಕಾಲದಲ್ಲಿ ಶ್ರೀಮಂತರಿಗೆ ಮಾತ್ರ ಎಂಬಂತಿದ್ದವು. ಭಾರತೀಯ ಕಂಪನಿಗಳು ಆ ಸ್ಥಿತಿಯನ್ನು ಬದಲಿಸಿವೆ. 2007ರಲ್ಲಿ ರಿಟುಕ್ಸಿಮಾಬ್, 2014ರ ಡಿಸೆಂಬರಿನಲ್ಲಿ ಅಡಲಿಮುಮಾಬ್ ಔಷಧಗಳ ಸಮಾನರೂಪಗಳು ನಮ್ಮ ಮಾರುಕಟ್ಟೆಗೆ ಬಂದವು. ಟೊಫಾಸಿಟಿನಿಬ್ ಎಂಬ ಮಾತ್ರೆಯೂ ಇತ್ತೀಚಿನ ವರ್ಷಗಳಲ್ಲಿ ಜೆನೆರಿಕ್ ರೂಪದಲ್ಲಿ ದೊರೆಯತೊಡಗಿ ಮಧ್ಯಮ ವರ್ಗದ ಕೈಗೆಟುಕಿದೆ. ಇದು ಸ್ವಾಗತಾರ್ಹ ಬೆಳವಣಿಗೆ.

ಆದರೆ ಬೆಲೆ ಇಳಿದಂತೆ ಎಚ್ಚರಿಕೆಯೂ ಇಳಿಯಬಾರದು. ಈ ಔಷಧಗಳು ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಗ್ಗಿಸುತ್ತವೆ. ಕ್ಷಯ ರೋಗ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ, ದೇಹದೊಳಗೆ ನಿದ್ರಿಸುತ್ತಿರುವ ಕ್ಷಯದ ರೋಗಾಣು ಎಚ್ಚರಗೊಳ್ಳಬಹುದು. ಆದ್ದರಿಂದ ಪ್ರಾರಂಭಕ್ಕೆ ಮುನ್ನ ಎದೆಯ ಎಕ್ಸ್‌-ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆಗಳು ಅಗತ್ಯ. ಅಮೆರಿಕದ ನಿಯಂತ್ರಣ ಸಂಸ್ಥೆ 2021ರಲ್ಲಿ ಟೊಫಾಸಿಟಿನಿಬ್ ವರ್ಗದ ಔಷಧಗಳ ಕುರಿತು ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಸಾಧ್ಯತೆಯ ತೀವ್ರ ಎಚ್ಚರಿಕೆ ನೀಡಿದೆ. ಧೂಮಪಾನಿಗಳು, ಹೃದ್ರೋಗವುಳ್ಳ ಹಿರಿಯರು ಇದನ್ನು ಅರಿತಿರಲೇಬೇಕು. ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ಖರೀದಿಸುತ್ತಾ ಹೋಗುವ ಮಾತ್ರೆಯಲ್ಲ ಇದು. ಸಂಜೆಯಾದರೆ ಬರುವ ಸಣ್ಣ ಜ್ವರ, ಎರಡು ವಾರ ಮೀರಿದ ಕೆಮ್ಮು, ಸೊಂಟದ ಒಂದು ಪಕ್ಕದಲ್ಲಿ ಎದ್ದ ಸರ್ಪಸುತ್ತಿನ ಗುಳ್ಳೆ, ಇವುಗಳನ್ನು ಮೊದಲು ತಿಳಿಸಬೇಕಾದದ್ದು ಯಾರಿಗೆ? ಮೂರು ತಿಂಗಳ ನಂತರದ ಭೇಟಿಯವರೆಗೆ ಕಾಯುವಂತಿಲ್ಲ. ಕರೆ ಮಾಡಲು ಒಂದು ದೂರವಾಣಿ ಸಂಖ್ಯೆ, ಆ ಕಡೆಯಲ್ಲಿ ರೋಗಿಯನ್ನು ಬಲ್ಲ ಒಬ್ಬರು ಇರಬೇಕು.

2020ರ ಅನುಭವ ಇದನ್ನೇ ಸಾರಿ ಹೇಳಿತು. ಆ ವರ್ಷ ಮಾರ್ಚ್ 22ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಕಾರ್ಯಪಡೆ ಕೊರೋನಾ ತಡೆಗಾಗಿ ಆರೋಗ್ಯ ಸಿಬ್ಬಂದಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸೂಚಿಸಿತು. ಜನ ಮುಗಿಬಿದ್ದು ಕೊಂಡರು. ಕೆಲವೇ ದಿನಗಳಲ್ಲಿ ಸರ್ಕಾರ ಅದರ ಮಾರಾಟವನ್ನು ಬಿಗಿಗೊಳಿಸಬೇಕಾಯಿತು. ಲೂಪಸ್ ಮತ್ತು ಸಂಧಿವಾತದ ರೋಗಿಗಳಿಗೆ ಅದು ನಿತ್ಯದ ಔಷಧ. ಲಾಕ್‌ಡೌನ್ ನಡುವೆ ಅಂಗಡಿಯಿಂದ ಅಂಗಡಿಗೆ ಅಲೆದವರು, ಇದ್ದ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗಿದವರು, ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಿದವರು ಎಷ್ಟೋ ಮಂದಿ. ಆಸ್ಪತ್ರೆಗಳಲ್ಲಿ ನಮ್ಮಲ್ಲಿ ಬಹುಪಾಲು ಮಂದಿಯನ್ನು ಕೊರೋನಾ ವಾರ್ಡುಗಳಿಗೆ ಕಳುಹಿಸಲಾಗಿತ್ತು. ರೋಗಿಗಳೊಡನೆ ದೂರವಾಣಿಯ ಸಂಪರ್ಕ ಇಟ್ಟುಕೊಂಡವರ ಮಾತು ಅನೇಕರ ಕಾಯಿಲೆ ಉಲ್ಬಣಿಸದಂತೆ ತಡೆಯಿತು. ಆ ಕೆಲಸಕ್ಕೆ ಅಂದು ಹುದ್ದೆಯಿರಲಿಲ್ಲ. ಬಹುತೇಕ ಕಡೆ ಇಂದೂ ಇಲ್ಲ.

ವಿಮೆಗೆ ಕಾಣದ ಕಾಯಿಲೆ

ಹಣಕಾಸಿನ ಮುಖವನ್ನೂ ನೋಡೋಣ. 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುತ್ತದೆ. 2024ರ ಅಕ್ಟೋಬರಿನಿಂದ 70 ವರ್ಷ ಮೀರಿದ ಎಲ್ಲ ಹಿರಿಯರಿಗೂ ಅದನ್ನು ವಿಸ್ತರಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ರದ್ದಾಯಿತು. ಎಲ್ಲವೂ ಒಳ್ಳೆಯದೇ. ಆದರೆ ಆಯುಷ್ಮಾನ್ ಯೋಜನೆಯೂ, ಮಧ್ಯಮ ವರ್ಗದವರು ಕೊಂಡಿರುವ ಬಹುತೇಕ ವಿಮೆಗಳೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ ಒದಗುತ್ತವೆ. ಸಂಧಿವಾತದ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ, ಮನೆಯಲ್ಲಿ, ಜೀವನಪರ್ಯಂತ. ಮಾತ್ರೆ, ರಕ್ತಪರೀಕ್ಷೆ, ಭೇಟಿಯ ಶುಲ್ಕ, ರಜೆಯ ನಷ್ಟ ಎಲ್ಲವೂ ಕೈಯಿಂದಲೇ. ಕಾಯಿಲೆ ಕೈಮೀರಿ ಮಂಡಿ ಬದಲಿಸಬೇಕಾದಾಗ ವಿಮೆ ಹಣ ಕೊಡುತ್ತದೆ, ಮಂಡಿ ಉಳಿಸಿಕೊಳ್ಳಲು ಕೊಡುವುದಿಲ್ಲ ಎಂಬುದು ಎಂಥ ವಿಪರ್ಯಾಸ!

ಈ ಖರ್ಚಿಗೆ ಹೆದರಿ ಮೊದಲು ಕೈಬಿಡುವುದು ರಕ್ತಪರೀಕ್ಷೆಯನ್ನು. ನಂತರ ಭೇಟಿ ತಪ್ಪುತ್ತದೆ. ಮನೆಯಲ್ಲಿ ಇಬ್ಬರಿಗೆ ಕಾಯಿಲೆಯಿದ್ದರೆ ಹೆಂಗಸಿನ ಔಷಧವೇ ಮೊದಲು ನಿಲ್ಲುತ್ತದೆ ಎಂಬುದನ್ನೂ ನಾವು ಖೇದದಿಂದ ಹೇಳಬೇಕಾಗಿದೆ.

ಅನ್ಯ ದೇಶಗಳ ಮಾದರಿ, ನಮ್ಮ ಮಿತಿ

ಯುರೋಪಿನ ರುಮಟಾಲಜಿ ಒಕ್ಕೂಟವಾದ ಯುಲಾರ್, ದೀರ್ಘಕಾಲಿಕ ಸಂಧಿವಾತದ ಆರೈಕೆಯಲ್ಲಿ ದಾದಿಯರ ಪಾತ್ರವೇನೆಂಬ ಬಗ್ಗೆ 2012ರಲ್ಲಿಯೇ ಶಿಫಾರಸುಗಳನ್ನು ಹೊರಡಿಸಿ 2018ರಲ್ಲಿ ಅವನ್ನು ಪರಿಷ್ಕರಿಸಿತು. ರೋಗಿಗಳಿಗೆ ಕಾಯಿಲೆಯ ತಿಳಿವಳಿಕೆ ನೀಡುವುದು, ಅಗತ್ಯ ಬಿದ್ದಾಗ ಸಂಪರ್ಕಕ್ಕೆ ದೊರೆಯುವುದು, ಕಾಯಿಲೆಯ ಹತೋಟಿಯನ್ನು ಗಮನಿಸುತ್ತಿರುವುದು, ಮನಸ್ಸಿನ ಕುಗ್ಗುವಿಕೆಯನ್ನು ಗುರುತಿಸುವುದು ಅದರಲ್ಲಿ ಸೇರಿವೆ. ಅಲ್ಲಿನ ತರಬೇತಾದ ದಾದಿಯರು 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ ಕಾಯಿಲೆಯ ತೀವ್ರತೆಯ ಅಂಕ ಬರೆಯುತ್ತಾರೆ. ಬ್ರಿಟನ್ನಿನ 10 ಕೇಂದ್ರಗಳಲ್ಲಿ 181 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ವರ್ಷ ದಾದಿಯರ ನೇತೃತ್ವದಲ್ಲಿ ನಡೆದ ಆರೈಕೆಯ ಫಲ ರುಮಟಾಲಜಿ ವೈದ್ಯರ ಆರೈಕೆಗಿಂತ ಕಡಿಮೆಯಿರಲಿಲ್ಲವೆಂದು ತೋರಿಸಿತು.

ಇದನ್ನು ಇಲ್ಲಿ ಯಥಾವತ್ತಾಗಿ ಜಾರಿಗೆ ತನ್ನಿ ಎಂದು ನಾವು ಕೇಳುತ್ತಿಲ್ಲ. ಅಲ್ಲಿನ ದಾದಿಯರು ಆ ವಿಭಾಗದಲ್ಲಿಯೇ ವರ್ಷಗಟ್ಟಲೆ ಪಳಗಿದವರು. ನಮ್ಮಲ್ಲಿ ಇಂದು ಸಂಧಿವಾತ ವಿಭಾಗ, ಮುಂದಿನ ತಿಂಗಳು ಶಸ್ತ್ರಚಿಕಿತ್ಸಾ ವಾರ್ಡು, ಆ ಬಳಿಕ ರಾತ್ರಿ ಪಾಳಿ. ರೋಗಿಯ ಹೆಸರು ನಾಲಿಗೆಗೆ ಹತ್ತುವಷ್ಟರಲ್ಲಿ ನಮ್ಮ ವರ್ಗವಾಗಿರುತ್ತದೆ. ದಾದಿಯರಿಗೆ ಹೊಸ ಅಧಿಕಾರ ಕೊಟ್ಟರೆ ತಪ್ಪುಗಳಾಗಬಹುದೆಂಬ ವೈದ್ಯರ ಅಳುಕನ್ನೂ ತಳ್ಳಿಹಾಕುವಂತಿಲ್ಲ. ಔಷಧದ ನಿರ್ಧಾರ ವೈದ್ಯರದೇ ಆಗಿರಲಿ. ಆ ನಿರ್ಧಾರ ಮನೆಯವರೆಗೆ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವ ಕೆಲಸಕ್ಕೆ ಒಬ್ಬರನ್ನು ನೇಮಿಸಿ ಎಂಬುದಷ್ಟೇ ನಮ್ಮ ಬೇಡಿಕೆ.

ಇದು ಈ ದೇಶಕ್ಕೆ ಹೊಸತೂ ಅಲ್ಲ. ಕ್ಷಯ ರೋಗಿಯ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತರ ಕಣ್ಣೆದುರು ನುಂಗಿಸುವ ಪದ್ಧತಿಯನ್ನು ನಾವು ದೇಶವ್ಯಾಪಿಯಾಗಿ ನಡೆಸಿದ್ದೇವೆ. 2004ರಲ್ಲಿ ಉಚಿತ ಎಚ್‌ಐವಿ ಚಿಕಿತ್ಸೆ ಆರಂಭವಾದ ಬಳಿಕ ಚಿಕಿತ್ಸಾ ಕೇಂದ್ರಗಳಲ್ಲಿ ಆಪ್ತಸಲಹೆಗಾರರಿದ್ದಾರೆ, ಔಷಧ ತಪ್ಪಿಸಿದವರನ್ನು ಹುಡುಕುವ ಏರ್ಪಾಡಿದೆ. ಜೀವನಪರ್ಯಂತದ ಔಷಧಕ್ಕೆ ಜೀವನಪರ್ಯಂತದ ಸಂಪರ್ಕ ಬೇಕೆಂಬ ತತ್ತ್ವವನ್ನು ಅಲ್ಲಿ ಒಪ್ಪಿಕೊಂಡಿರುವಾಗ ಸಂಧಿವಾತಕ್ಕೆ ಏಕೆ ಬೇಡ?

ಕಾಯಿದೆಯ ಚೌಕಟ್ಟೂ ಬದಲಾಗುತ್ತಿದೆ. 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯಿದೆಯ ಸ್ಥಾನದಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆರೈಕೆ ಆಯೋಗದ ಮಸೂದೆಗೆ 2023ರ ಆಗಸ್ಟಿನಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. ಅದೇ ವರ್ಷ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಕೇಂದ್ರ ಸಚಿವ ಸಂಪುಟ ಮಂಜೂರಾತಿ ನೀಡಿತು. ಆದರೆ ಕಾಲೇಜು ತೆರೆದರಷ್ಟೇ ಸಾಲದು. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ಸಮಿತಿಯು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿಯೂ ದಾದಿಯರ ವೇತನ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತ್ತು. ಆ ಮೊತ್ತವನ್ನು ಕಾಣದ ದಾದಿಯರು ಇಂದಿಗೂ ಇದ್ದಾರೆ. ಅನುಭವ ಗಳಿಸಿದವರು ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ ತೆರಳುತ್ತಾರೆ. ಅವರನ್ನು ತಪ್ಪೆನ್ನಲಾಗದು. ಇಲ್ಲಿ ನುರಿತವರನ್ನು ಉಳಿಸಿಕೊಳ್ಳಲು ವೇತನದ ಜೊತೆಗೆ ವಿಶೇಷ ಪರಿಣತಿಗೆ ಮನ್ನಣೆಯೂ ಬೇಕು.

ಮನೆಯವರು ಮಾಡಬಹುದಾದದ್ದು

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಸಂಧಿವಾತ ವಿಭಾಗವಿರುವ ಪ್ರತಿ ಆಸ್ಪತ್ರೆಯಲ್ಲಿ ಕನಿಷ್ಠ ಒಬ್ಬ ದಾದಿ ಎರಡು ಮೂರು ವರ್ಷ ವರ್ಗವಿಲ್ಲದೆ ಅಲ್ಲಿಯೇ ಇರಲಿ. ಆಕೆಗೊಂದು ಮೇಜು, ಒಂದು ದೂರವಾಣಿ, ರೋಗಿಗಳ ದಾಖಲೆ ಇರಲಿ. ಹೊಸದಾಗಿ ಮೆಥೊಟ್ರೆಕ್ಸೇಟ್ ಪ್ರಾರಂಭಿಸಿದ ಪ್ರತಿ ರೋಗಿಗೂ ಮೊದಲ ತಿಂಗಳಲ್ಲಿ ಒಮ್ಮೆ ಕರೆ ಹೋಗಲಿ. ಸೂಚನೆಯ ಕಾರ್ಡು ರೋಗಿಯ ಭಾಷೆಯಲ್ಲಿರಲಿ.

ಅಲ್ಲಿಯವರೆಗೆ ಮನೆಯವರು ಸುಮ್ಮನೆ ಕೂರಬೇಕಾಗಿಲ್ಲ. ವಾರದ ಮಾತ್ರೆಯನ್ನು ದಿನದ ಮಾತ್ರೆಗಳ ಡಬ್ಬಿಯಿಂದ ಬೇರೆಯಾಗಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ನುಂಗಿದ ಮೇಲೆ ಅಳಿಸಿ. ಬಾಯಿ ಹುಣ್ಣು, ಜ್ವರ ಕಂಡರೆ ಮಾತ್ರೆ ತೆಗೆದುಕೊಳ್ಳುವ ಮೊದಲು ಆಸ್ಪತ್ರೆಗೆ ಕರೆ ಮಾಡಿ. ವೈದ್ಯರ ಭೇಟಿಗೆ ಹೋಗುವಾಗ ಮಾಡಲಾಗದ ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಾಯಿಯೋ ಪತ್ನಿಯೋ 'ಪರವಾಗಿಲ್ಲ' ಎಂದಾಗ ಆ ಮಾತನ್ನು ಅಷ್ಟಕ್ಕೇ ಬಿಡಬೇಡಿ.

ಹೊರನಾಡಿನ ಕನ್ನಡ ಸಂಘಗಳ ಪಾತ್ರವೂ ಇಲ್ಲಿದೆ. ಸಂಘಗಳು ಏರ್ಪಡಿಸುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ, ಕಣ್ಣಿನ ಪರೀಕ್ಷೆಗಳು ನಡೆಯುತ್ತವೆ. ಅದೇ ಶಿಬಿರದಲ್ಲಿ ಒಂದು ಮೇಜನ್ನು ಕೀಲುನೋವಿಗೆ ಮೀಸಲಿಟ್ಟು, ಕನ್ನಡ ಬಲ್ಲ ದಾದಿಯೊಬ್ಬರನ್ನು ಕುಳ್ಳಿರಿಸಿದರೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚಿರುವವರನ್ನು ಗುರುತಿಸಿ ತಜ್ಞರ ಬಳಿಗೆ ಕಳುಹಿಸಬಹುದು. ಕನ್ನಡದಲ್ಲಿ ಮುದ್ರಿಸಿದ ಒಂದು ಪುಟದ ಮಾಹಿತಿ ಪತ್ರವನ್ನು ಸಂಘದ ಸದಸ್ಯರ ಮನೆಗಳಿಗೆ ತಲುಪಿಸುವುದೂ ಕಷ್ಟದ ಕೆಲಸವಲ್ಲ. ನಿವೃತ್ತರಾದ, ಊರು ಬಿಟ್ಟು ದಶಕಗಳಾದ ನಮ್ಮ ಅನೇಕ ಹಿರಿಯ ಸಹೋದ್ಯೋಗಿಗಳು ಇಂಥ ಕೆಲಸಕ್ಕೆ ಕರೆ ಬಂದರೆ ಸಂತೋಷದಿಂದ ಬರುವರು.

ಔಷಧ ವಿಜ್ಞಾನ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ಉಳಿದಿರುವುದು ಆ ಔಷಧವನ್ನು ಸರಿಯಾದ ದಿನ, ಸರಿಯಾದ ಪ್ರಮಾಣದಲ್ಲಿ, ಭಯವಿಲ್ಲದೆ ತೆಗೆದುಕೊಳ್ಳುವಂತೆ ಮಾಡುವ ಕೆಲಸ. ಮುಂದಿನ ಮೇ 12ರಂದು ನಮಗೆ ಹೂಗುಚ್ಛ ನೀಡುವ ಆಡಳಿತ ಮಂಡಳಿಗಳು ಅದರ ಜೊತೆಗೆ ಹೊರರೋಗಿ ವಿಭಾಗದಲ್ಲಿ ಒಂದು ಕುರ್ಚಿ, ಒಂದು ದೂರವಾಣಿಯನ್ನೂ ನೀಡಲಿ ಎಂಬುದು ನಮ್ಮ ವಿನಂತಿ.